ಪಾದ್ರಿ ಹರ್ಬರ್ಟನ ಉಯಿಲು

ಉಯಿಲನ್ನು ಸಾಹಿತ್ಯವೆಂದು ಓದುವವರು ಕಡಿಮೆ. ಅದನ್ನು ವಕೀಲರು ಓದುತ್ತಾರೆ, ಪಾಲಿಗಾಗಿ ಕಾದವರು ಓದುತ್ತಾರೆ, ಓದಿ ಮುಗಿದ ಮೇಲೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಆದರೆ ಒಬ್ಬ ಮನುಷ್ಯ ತಾನಿಲ್ಲದ ತನ್ನ ಮನೆಯನ್ನು ಕಣ್ಣಮುಂದೆ ತಂದುಕೊಂಡು ಬರೆಯುವ ಬರಹ ಅದು. ಯಾರಿಗೆ ಏನು ಬೇಕಾದೀತು, ಯಾರನ್ನು ಯಾರು ನೋಡಿಕೊಂಡಾರು, ಯಾರ ಋಣ ಇನ್ನೂ ತೀರಿಲ್ಲ ಎಂದು ಯೋಚಿಸದೆ ಅದರ ಒಂದು ಸಾಲನ್ನೂ ಬರೆಯಲಾಗುವುದಿಲ್ಲ. ಹಾಗಾಗಿ ಕವಿಯೊಬ್ಬನ ಉಯಿಲನ್ನು ಅವನ ಕವಿತೆಯಷ್ಟೇ ಗಮನವಿಟ್ಟು ಓದಿದರೆ ತಪ್ಪಾಗಲಾರದು ಎಂದು ನನ್ನ ನಂಬಿಕೆ.

ಜಾರ್ಜ್ ಹರ್ಬರ್ಟನನ್ನು ನಾನು ಮೊದಲು ಓದಿದ್ದು ಬಿ.ಎ. ತರಗತಿಯಲ್ಲಿ. ಹದಿನೇಳನೆಯ ಶತಮಾನದ ಇಂಗ್ಲಿಷ್ ಕವಿ, ಪಾದ್ರಿ, ಜಾನ್ ಡನ್‌ನ ಸಾಲಿನವನು ಎಂದು ಮೇಷ್ಟ್ರು ಟಿಪ್ಪಣಿ ಬರೆಸಿದ್ದರು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಅವನಿಗೆ ಒಬ್ಬ ಹೆಂಡತಿ ಇದ್ದಳೆಂಬುದು ಆ ಟಿಪ್ಪಣಿಯಲ್ಲಿ ಇರಲಿಲ್ಲ, ನಾವೂ ಕೇಳಲಿಲ್ಲ. ಆಕೆಯ ಪರಿಚಯವಾದದ್ದು ಎಷ್ಟೋ ವರ್ಷಗಳ ಮೇಲೆ, ಅವನ ಸಮಗ್ರ ಕೃತಿಗಳ ಒಂದು ಸಂಪುಟದ ಕೊನೆಯಲ್ಲಿ ಅಚ್ಚಾಗಿದ್ದ ಉಯಿಲಿನಿಂದ.

ಹರ್ಬರ್ಟ್ ಹುಟ್ಟಿದ್ದು 1593ರಲ್ಲಿ, ವೇಲ್ಸ್‌ನ ಮಾಂಟ್‌ಗೊಮರಿಯಲ್ಲಿ. ದೊಡ್ಡ ಮನೆತನ. ಮೂರು ವರ್ಷದವನಿದ್ದಾಗ ತಂದೆ ತೀರಿಕೊಂಡ. ತಾಯಿ ಮ್ಯಾಗ್ಡಲೀನ್ ಹತ್ತು ಮಕ್ಕಳನ್ನು ಸಾಕಿ ಓದಿಸಿದಳು; 1609ರಲ್ಲಿ ತನಗಿಂತ ಬಹಳ ಚಿಕ್ಕವನಾದ ಸರ್ ಜಾನ್ ಡ್ಯಾನ್‌ವರ್ಸ್‌ನನ್ನು ಮರುಮದುವೆಯಾದಳು. ಹುಡುಗ ಕೇಂಬ್ರಿಜ್‌ನಲ್ಲಿ ಓದಿ, 1620ರಲ್ಲಿ ವಿಶ್ವವಿದ್ಯಾಲಯದ ಅಧಿಕೃತ ವಾಗ್ಮಿಯಾದ. ದೊರೆಗೆ, ಮಂತ್ರಿಗಳಿಗೆ ಲ್ಯಾಟಿನ್ನಿನಲ್ಲಿ ಪತ್ರ ಬರೆಯುವ, ಅತಿಥಿಗಳು ಬಂದರೆ ಭಾಷಣ ಮಾಡುವ ಕೆಲಸ. ಅಲ್ಲಿಂದ ಅರಮನೆಯ ಹುದ್ದೆಗೆ ಒಂದೇ ಮೆಟ್ಟಿಲು. 1624ರಲ್ಲಿ ಪಾರ್ಲಿಮೆಂಟಿಗೂ ಹೋದ. ಆದರೆ ಆ ಮೆಟ್ಟಿಲನ್ನು ಹತ್ತಲಿಲ್ಲ. 1629ರ ಮಾರ್ಚ್‌ನಲ್ಲಿ ಮಲತಂದೆಯ ಬಂಧುವಾದ ಜೇನ್ ಡ್ಯಾನ್‌ವರ್ಸ್‌ಳನ್ನು ಮದುವೆಯಾಗಿ, 1630ರಲ್ಲಿ ಸಾಲ್ಸ್‌ಬರಿಯ ಹತ್ತಿರದ ಬೆಮರ್ಟನ್ ಎಂಬ ಹಳ್ಳಿಗೆ ಪಾದ್ರಿಯಾಗಿ ಹೋದ. ಪುಟ್ಟ ಇಗರ್ಜಿ, ಎದುರಿಗೆ ರಿಪೇರಿಗೆ ಬಂದ ಮನೆ. ಕ್ಷಯ ಆಗಲೇ ಮೈಯಲ್ಲಿತ್ತು. ಅಲ್ಲಿ ಬಾಳಿದ್ದು ಮೂರು ವರ್ಷ ಮಾತ್ರ. 1633ರ ಮಾರ್ಚ್ 1ರಂದು, ನಲವತ್ತು ತುಂಬಲು ಒಂದು ತಿಂಗಳಿರುವಾಗ ತೀರಿಕೊಂಡ. ಮಕ್ಕಳಿರಲಿಲ್ಲ. ಆದರೆ ಮನೆ ಬರಿದಾಗಿರಲಿಲ್ಲ. ಸತ್ತ ಅಕ್ಕ ಮಾರ್ಗರೆಟ್‌ಳ ತಬ್ಬಲಿ ಹೆಣ್ಣುಮಕ್ಕಳಿಗೆ ಅದೇ ಆಸರೆಯಾಗಿತ್ತು. ಅವರಲ್ಲಿ ಡೊರೊಥಿ ಎಂಬ ಹುಡುಗಿ ಸೋದರಮಾವನಿಗಿಂತ ಮೊದಲೇ ತೀರಿಕೊಂಡಿದ್ದಳು.

ಸಾಯುವುದಕ್ಕೆ ಕೆಲವೇ ದಿನ ಮೊದಲು ಬರೆಸಿದ ಉಯಿಲು ಚಿಕ್ಕದು. ಆ ಕಾಲದ ಉಯಿಲುಗಳು ಆತ್ಮ, ಪಾಪ, ಪುನರುತ್ಥಾನ ಎಂದು ಉದ್ದುದ್ದ ಪೀಠಿಕೆ ಹಾಕುತ್ತಿದ್ದವು. ಪಾದ್ರಿಯಾದ ಇವನಾದರೋ ಒಂದು ತುಂಡು ವಾಕ್ಯದಲ್ಲಿ ದೇಹವನ್ನೂ ಆತ್ಮವನ್ನೂ ಅವನ್ನು ಕೊಟ್ಟ ದೇವರಿಗೇ ಒಪ್ಪಿಸಿ, ನೇರವಾಗಿ ಮನೆಯ ವಿಷಯಕ್ಕೆ ಬರುತ್ತಾನೆ. ಮನೆಯ ಒಳಗಿರುವುದು, ಹೊರಗಿರುವುದು, ಹಣ, ಪುಸ್ತಕ, ಪಾತ್ರೆಪದಾರ್ಥ ಎಲ್ಲವೂ ತನ್ನ ಪ್ರೀತಿಯ ಹೆಂಡತಿಗೆ. ಮೊದಲ ಮಾತೇ ಅದು. ಉಳಿದವರ ಹೆಸರು ಬರುವುದು, ಆಕೆಗೆ ಕೊಟ್ಟದ್ದರಲ್ಲಿ ಇಷ್ಟನ್ನು ಬಿಟ್ಟು ಎಂಬ ವಿನಾಯಿತಿಯಾಗಿ ಮಾತ್ರ.

ಆ ವಿನಾಯಿತಿಗಳು ಇವು. ಲಂಡನ್ನಿನ ವರ್ತಕನೊಬ್ಬನ ಬಳಿ ಏಳುನೂರು ಪೌಂಡು ಇತ್ತು. ಸತ್ತ ಡೊರೊಥಿಯಿಂದ ಬಂದದ್ದು. ಅದರಲ್ಲಿ ಇನ್ನೂರು ಉಳಿದಿಬ್ಬರು ಹುಡುಗಿಯರದೇ. ತನಗೆ ಬರಬೇಕಾದ ಐನೂರನ್ನೂ ಅವರಿಬ್ಬರಿಗೇ ಸಮನಾಗಿ ಹಂಚಿದ್ದಾನೆ. ಡೊರೊಥಿ ಕೊಡಬೇಕೆಂದು ಹೇಳಿಹೋದವರಿಗೆ ಮಾತ್ರ ಅದರಿಂದ ಕೊಡಬೇಕು. ಊರಿನ ಬಡವರಿಗೆ ಇಪ್ಪತ್ತು ಪೌಂಡು. ಹೇಸ್ ಮತ್ತು ಬಾಸ್ಟಕ್ ಎಂಬ ಇಬ್ಬರಿಗೆ ಒಂದೊಂದು ಗ್ರಂಥ ಮತ್ತು ಅರ್ಧ ವರ್ಷದ ಮುಂಗಡ ಸಂಬಳ. ಬಾಸ್ಟಕ್ ಅವನ ಸಹಾಯಕ ಪಾದ್ರಿ. ಅವನ ಪಾಲಿಗೆ ಬಂದದ್ದು ಸಂತ ಅಗಸ್ಟೀನನ ಕೃತಿಗಳು. ಮನೆಗೆಲಸದ ಎಲಿಜಬೆತ್‌ಗೆ ಬರಬೇಕಾದ್ದರ ಮೇಲೆ ಇನ್ನೂ ಮೂರು ಪೌಂಡು, ಆ್ಯನ್‌ಗೆ ಮೂವತ್ತು ಷಿಲಿಂಗು, ಮಾರ್ಗರೆಟ್‌ಗೆ ಇಪ್ಪತ್ತು, ವಿಲಿಯಂಗೆ ಇಪ್ಪತ್ತು ನೋಬಲ್, ಜಾನ್‌ಗೆ ಇಪ್ಪತ್ತು ಷಿಲಿಂಗು, ಸಾರಾಗೆ ಹದಿಮೂರು ಷಿಲಿಂಗು ನಾಲ್ಕು ಪೆನ್ನಿ. ಉಯಿಲನ್ನು ಜಾರಿಗೆ ತರುವ ಗೆಳೆಯ ಆರ್ಥರ್ ವುಡ್‌ನಾತ್‌ಗೆ ಇಪ್ಪತ್ತು ಪೌಂಡು. ಅದರಲ್ಲಿ ಹದಿನೈದು ಲೇಟನ್ ಎಂಬ ಊರಿನ ಇಗರ್ಜಿಗೆ, ಐದು ಅವನಿಗೆ. ಹಾಳುಬಿದ್ದಿದ್ದ ಆ ಇಗರ್ಜಿಯ ಜೀರ್ಣೋದ್ಧಾರವನ್ನು ಹರ್ಬರ್ಟ್ ಹಿಂದೆಯೇ ವಹಿಸಿಕೊಂಡಿದ್ದ. ಕೊನೆಯಲ್ಲಿ ಒಂದು ಟಿಪ್ಪಣಿ: ಲಂಡನ್ನಿನ ಒಬ್ಬ ಪುಸ್ತಕ ವ್ಯಾಪಾರಿಯ ಬಳಿ ತನ್ನ ನೂರೆರಡು ಪೌಂಡು ಚಿಲ್ಲರೆ ಇದೆ, ಅವನು ಸರಿಯಾದ ಲೆಕ್ಕ ಕೊಡುತ್ತಾನೆಂದು ತನಗೆ ಗೊತ್ತು, ಇನ್ನಾರಾದರೂ ಹಳೆಯ ಸಾಲ ಉಳಿಸಿಕೊಂಡಿದ್ದರೆ ಅದನ್ನು ಮನ್ನಾ ಮಾಡಿದ್ದೇನೆ.

ಇದನ್ನು ಮೊದಲ ಸಲ ಓದಿದಾಗ ನನಗೆ ಕಂಡದ್ದು ಅಚ್ಚುಕಟ್ಟು ಮಾತ್ರ. ಎರಡನೆಯ ಸಲ ಓದಿದಾಗ ಒಂದು ಪದ ಕಣ್ಣಿಗೆ ಬಿತ್ತು. ಬಡವರ ಇಪ್ಪತ್ತು ಪೌಂಡನ್ನು ಹಂಚಬೇಕಾದ್ದು ಇಗರ್ಜಿಯ ಹಿರಿಯರಲ್ಲ, ಮುಂದೆ ಬರುವ ಪಾದ್ರಿಯಲ್ಲ, ಹೆಂಡತಿ. ಅದೂ ಆಕೆಯ ವಿವೇಚನೆಗೆ ತಕ್ಕಂತೆ. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾರು ಕೇಳಲು ನಾಚುತ್ತಾರೆ, ಯಾರು ಕೇಳಿ ಕೇಳಿ ಪಡೆಯುತ್ತಾರೆ ಎಂಬುದು ಆಕೆಗೆ ಗೊತ್ತಿದೆ ಎಂದು ಅವನಿಗೆ ಗೊತ್ತಿತ್ತು. ವಿವೇಚನೆ ಎಂಬ ಆ ಒಂದು ಮಾತನ್ನು ಗಂಡ ಸಹಿ ಹಾಕಿದ ಕಾಗದದಲ್ಲಿ ಕಂಡ ಹೆಂಗಸರು ಅಂದೂ ಕಡಿಮೆ, ಇಂದೂ ಬಹಳವಲ್ಲ. ನಮ್ಮ ಕಡೆಯ ಹಳೆಯ ಪತ್ರಗಳಲ್ಲಿ ಹೆಂಡತಿಗೆ ಜೀವನಾಂಶ, ಇರಲು ಒಂದು ಕೋಣೆ ಎಂದು ಬರೆದದ್ದನ್ನು ನಾನೇ ನೆರೆಹೊರೆಯವರಿಗೆ ಓದಿ ಹೇಳಿದ್ದೇನೆ. ಕೋಣೆ ಯಾವುದೆಂದೂ ಅದರಲ್ಲಿ ಬರೆದಿರುತ್ತದೆ.

ಇದರ ಜೊತೆಗೆ ಷೇಕ್ಸ್‌ಪಿಯರನ 1616ರ ಉಯಿಲನ್ನು ಇಟ್ಟು ನೋಡಬೇಕು. ಅದರಲ್ಲಿ ಹೆಂಡತಿಗೆ ಸಿಕ್ಕಿರುವ ಉಲ್ಲೇಖ ಒಂದೇ: ಎರಡನೆಯ ದರ್ಜೆಯ ಮಂಚ, ಅದರ ಸಾಮಾನುಗಳೊಂದಿಗೆ. ವಿಧವೆಯ ಪಾಲು ಕಾನೂನಿನಿಂದಲೇ ಬರುತ್ತಿತ್ತು, ಆ ಮಂಚ ದಂಪತಿಗಳದೇ ಇದ್ದೀತು ಎಂದು ವಿದ್ವಾಂಸರು ಸಮಾಧಾನ ಹೇಳುತ್ತಾರೆ. ಇರಬಹುದು. ಆದರೆ ಮಂಚ ಯಾವುದಾದರೂ ಇರಲಿ, ಅಲ್ಲಿ ಪ್ರೀತಿಯ ಎಂಬ ವಿಶೇಷಣವಿಲ್ಲ. ನಾಟಕಗಳಲ್ಲಿ ಅಷ್ಟೊಂದು ಹೆಂಗಸರಿಗೆ ಮಾತು ಕೊಟ್ಟವನು ಅಲ್ಲಿ ಒಂದು ಪದಕ್ಕೆ ಜಿಪುಣನಾದ. ದೇವರೊಡನೆ ಮಾತ್ರ ಮಾತಾಡಿದವನೆಂದು ನಾವು ತಿಳಿದ ಪಾದ್ರಿ ಆ ಪದವನ್ನು ಹೆಂಡತಿಗೆ ಎರಡು ಸಲ ಬಳಸಿದ್ದಾನೆ.

ಹಾಗೆಂದು ಈ ಉಯಿಲನ್ನು ಬರೀ ಹೊಗಳಿ ಮುಗಿಸಿದರೆ ಅದು ವಿಮರ್ಶೆಯಾಗುವುದಿಲ್ಲ. ಆಳುಗಳ ಪಟ್ಟಿಯನ್ನೇ ನೋಡಿ. ನೋಬಲ್ ಎಂದರೆ ಆರು ಷಿಲಿಂಗು ಎಂಟು ಪೆನ್ನಿ, ಪೌಂಡಿನ ಮೂರನೆಯ ಒಂದು ಭಾಗ. ಹಾಗಾದರೆ ವಿಲಿಯಂಗೆ ಸಿಕ್ಕಿದ್ದು ಆರೂ ಮುಕ್ಕಾಲು ಪೌಂಡಿಗೆ ಹತ್ತಿರ. ಎಲಿಜಬೆತ್‌ಗೆ ಹೆಚ್ಚುವರಿಯಾಗಿ ಸಿಕ್ಕಿದ್ದು ಅದರ ಅರ್ಧಕ್ಕಿಂತ ಕಡಿಮೆ. ಕೆಮ್ಮಿ ಕೆಮ್ಮಿ ಸಾಯುವವನ ಬಟ್ಟೆ ಒಗೆದವರು, ಗಂಜಿ ಕುಡಿಸಿದವರು, ರಾತ್ರಿ ದೀಪ ಹಿಡಿದು ನಿಂತವರು ಈ ಪಟ್ಟಿಯಲ್ಲಿ ಯಾರು ಯಾರೋ, ಮನೆ ನಡೆಸಿದ ಹೆಂಗಸರಿಗೆ ಊಹಿಸುವುದು ಕಷ್ಟವಲ್ಲ. ಇನ್ನೊಬ್ಬ ಗಂಡಾಳು ಜಾನ್‌ಗೆ ಮಾರ್ಗರೆಟ್‌ಳಷ್ಟೇ ಸಿಕ್ಕಿರುವುದರಿಂದ ಇದನ್ನು ಗಂಡು ಹೆಣ್ಣಿನ ಲೆಕ್ಕ ಎಂದು ಸಾರಾಸಗಟಾಗಿ ಹೇಳಲಾಗದು, ನಿಜ. ಆದರೂ ಆ ತಾರತಮ್ಯ ಕಣ್ಣಿಗೆ ಚುಚ್ಚುತ್ತದೆ. ಅದರ ಪಕ್ಕದಲ್ಲೇ ಒಪ್ಪಿಕೊಳ್ಳಬೇಕಾದ ಇನ್ನೊಂದು ಮಾತಿದೆ. ಇದೆಲ್ಲ ಸಂಬಳದ ಮೇಲೆ ಎಂದು ಅವನು ಬಿಡಿಸಿ ಬರೆಸಿದ್ದಾನೆ. ಸಂಬಳವನ್ನೇ ದಾನವೆಂದು ತೋರಿಸುವ ಯಜಮಾನರನ್ನು ಬಲ್ಲವರಿಗೆ ಆ ಎಚ್ಚರದ ಬೆಲೆ ತಿಳಿಯುತ್ತದೆ.

ಇನ್ನೊಂದು ಮಾತು. ಎಲ್ಲವನ್ನೂ ಹೆಂಡತಿಗೆ ಕೊಟ್ಟ ಎನ್ನುವಾಗ, ಆ ಎಲ್ಲದರಲ್ಲಿ ಎಷ್ಟು ಮೊದಲೇ ಆಕೆಯದಾಗಿತ್ತು ಎಂದು ಕೇಳಬೇಕು. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಕೂಡಲೇ ಹೆಣ್ಣಿನ ಹಣ, ಸಾಮಾನು ಗಂಡನದಾಗುತ್ತಿತ್ತು. ನಮ್ಮಲ್ಲಿ ಸ್ತ್ರೀಧನ ಎಂಬ ಹೆಸರಾದರೂ ಉಳಿದಿತ್ತು. ಅಲ್ಲಿ ಮದುವೆಯಾದ ಹೆಂಗಸು ತನ್ನ ಆಸ್ತಿಯನ್ನು ತಾನೇ ಇಟ್ಟುಕೊಳ್ಳುವ ಪೂರ್ಣ ಹಕ್ಕು 1882ರ ಕಾಯ್ದೆಯವರೆಗೆ ಬರಲಿಲ್ಲ. ತವರಿನಿಂದ ತಂದದ್ದನ್ನು ಗಂಡನ ಉಯಿಲಿನಿಂದ ಮರಳಿ ಪಡೆಯಬೇಕಾಗಿದ್ದ ಕಾಲ ಅದು. ಹರ್ಬರ್ಟ್ ಆ ಕಾನೂನನ್ನು ಮಾಡಿದವನಲ್ಲ. ಅದರೊಳಗೆ ಎಷ್ಟು ಒಳ್ಳೆಯವನಾಗಬಹುದಿತ್ತೋ ಅಷ್ಟಾದ.

ಅವನು ಹೆಂಡತಿಯ ಬಗ್ಗೆ ಏನು ಯೋಚಿಸಿದ್ದ ಎಂಬುದಕ್ಕೆ ಇನ್ನೊಂದು ಸಾಕ್ಷಿ ಇದೆ. ಹಳ್ಳಿಯ ಪಾದ್ರಿ ಹೇಗಿರಬೇಕು ಎಂದು ವಿವರಿಸುವ ಗದ್ಯದ ಪುಸ್ತಕವೊಂದನ್ನು ಅವನು ಬೆಮರ್ಟನ್ನಿನಲ್ಲಿ ಬರೆದ, ಅಚ್ಚಾದದ್ದು 1652ರಲ್ಲಿ. ಅದರಲ್ಲಿ ಪಾದ್ರಿಗೆ ಬ್ರಹ್ಮಚರ್ಯವೇ ಮೇಲು ಎನ್ನುತ್ತಾನೆ. ಮದುವೆಯಾಗುವುದಾದರೆ ಹೆಣ್ಣನ್ನು ಕಣ್ಣಿನಿಂದಲ್ಲ, ಕಿವಿಯಿಂದ ಆರಿಸಬೇಕು, ಅಂದರೆ ರೂಪ ನೋಡಿ ಅಲ್ಲ, ನಾಲ್ಕು ಜನ ಹೇಳುವುದನ್ನು ಕೇಳಿ. ಆಕೆಗೆ ಮಕ್ಕಳನ್ನೂ ಆಳುಗಳನ್ನೂ ತಿದ್ದಲು ಬರಬೇಕು, ಗಾಯ ಹುಣ್ಣುಗಳಿಗೆ ಕೈಯಾರೆ ಔಷಧಿ ಮಾಡಲು ಬರಬೇಕು, ಸಾಲವಾಗದಂತೆ ಸಂಸಾರ ತೂಗಿಸಲು ಬರಬೇಕು. ಮನೆಯ ಆಡಳಿತದಲ್ಲಿ ಕನಿಷ್ಠ ಅರ್ಧ ಆಕೆಗೆ ಬಿಡಬೇಕು, ಆದರೆ ಆಗಾಗ ಲೆಕ್ಕ ನೋಡುತ್ತಿರಬೇಕು. ಇದನ್ನು ಓದುವಾಗ ಸ್ವಲ್ಪ ನಗು ಬರುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ. ಬ್ರಹ್ಮಚರ್ಯ ಮೇಲು ಎಂದು ಬರೆಯುವಾಗ ಜೇನ್ ಅದೇ ಮನೆಯಲ್ಲಿ ಇದ್ದಳಲ್ಲ! ಆದರೆ ಪುಸ್ತಕವನ್ನೂ ಉಯಿಲನ್ನೂ ಒಟ್ಟಿಗೆ ಓದಿದರೆ ಒಂದು ವ್ಯತ್ಯಾಸ ಕಾಣುತ್ತದೆ. ಪುಸ್ತಕದಲ್ಲಿ ಅರ್ಧ ಕೊಟ್ಟು ಲೆಕ್ಕ ಕೇಳಿದವನು, ಉಯಿಲಿನಲ್ಲಿ ಪೂರ್ತಿ ಕೊಟ್ಟು ಬಡವರ ಹಣಕ್ಕೂ ಲೆಕ್ಕ ಕೇಳಲಿಲ್ಲ. ನಿಯಮ ಬರೆದ ಹರ್ಬರ್ಟನಿಗಿಂತ ಸಂಸಾರ ಮಾಡಿದ ಹರ್ಬರ್ಟ್ ದೊಡ್ಡವನು ಎಂದು ನನಗನ್ನಿಸಿದ್ದು ಇಲ್ಲಿ.

ಈಗ ಉಯಿಲಿನಲ್ಲಿ ಇಲ್ಲದ ವಸ್ತುವಿನ ವಿಷಯ. ಹರ್ಬರ್ಟನ ಹೆಸರು ಇಂದು ಉಳಿದಿರುವುದು ಇಂಗ್ಲಿಷ್ ಕವಿತೆಗಳ ಒಂದೇ ಒಂದು ಪುಸ್ತಕದಿಂದ. ಅದರ ಒಂದು ಕವಿತೆಯೂ ಅವನು ಬದುಕಿರುವಾಗ ಅಚ್ಚಾಗಿ ಹೊರಬಂದಿರಲಿಲ್ಲ. ಅಗಸ್ಟೀನನ ಗ್ರಂಥ ಯಾರಿಗೆ, ಸಾರಾಗೆ ಎಷ್ಟು ಪೆನ್ನಿ ಎಂದು ಬರೆಸಿದವನು ಆ ಹಸ್ತಪ್ರತಿಯ ಮಾತೇ ಎತ್ತುವುದಿಲ್ಲ. ಅದರ ಕಥೆ ನಮಗೆ ಸಿಗುವುದು ಐಜಾಕ್ ವಾಲ್ಟನ್ 1670ರಲ್ಲಿ ಬರೆದ ಜೀವನಚರಿತ್ರೆಯಿಂದ. ರೋಗಿಯನ್ನು ನೋಡಲು ಬಂದ ಎಡ್ಮಂಡ್ ಡಂಕನ್ ಎಂಬ ಪಾದ್ರಿಯ ಕೈಯಲ್ಲಿ ಹರ್ಬರ್ಟ್ ಆ ಚಿಕ್ಕ ಪುಸ್ತಕವನ್ನಿಟ್ಟು, ಲಿಟ್ಲ್ ಗಿಡಿಂಗ್‌ನಲ್ಲಿದ್ದ ಗೆಳೆಯ ನಿಕೊಲಸ್ ಫೆರಾರ್‌ಗೆ ತಲುಪಿಸಲು ಹೇಳಿದನಂತೆ. ನೊಂದ ಯಾವುದಾದರೂ ಜೀವಕ್ಕೆ ಇದರಿಂದ ಉಪಯೋಗವಾದೀತೆಂದು ಫೆರಾರ್‌ಗೆ ತೋರಿದರೆ ಅಚ್ಚು ಹಾಕಿಸಲಿ, ಇಲ್ಲದಿದ್ದರೆ ಸುಟ್ಟುಬಿಡಲಿ. ಫೆರಾರ್ ಸುಡಲಿಲ್ಲ. 1633ರಲ್ಲೇ ಕೇಂಬ್ರಿಜ್‌ನಲ್ಲಿ ‘ದಿ ಟೆಂಪಲ್’ ಎಂಬ ಹೆಸರಿನಲ್ಲಿ ಅದು ಹೊರಬಂತು.

ವಾಲ್ಟನ್ ತಾನು ಹರ್ಬರ್ಟನನ್ನು ನೋಡಿದ್ದೇನೆ, ಪರಿಚಯವಿರಲಿಲ್ಲ ಎಂದು ತಾನೇ ಹೇಳಿಕೊಂಡಿದ್ದಾನೆ. ಅವನ ಬರಹದಲ್ಲಿ ಸಂತನ ಚಿತ್ರಕ್ಕೆ ಬಣ್ಣ ಹೆಚ್ಚು. ಮರಣದ ದೃಶ್ಯವನ್ನೇ ನೋಡಿ. ಹೆಂಡತಿಯೂ ಸೊಸೆಯಂದಿರೂ ಅಳುತ್ತಿರುವಾಗ, ಪಕ್ಕದ ಕೋಣೆಗೆ ಹೋಗಿ ನನಗಾಗಿ ಪ್ರಾರ್ಥಿಸಿ ಎಂದು ಅವರನ್ನು ಕಳಿಸುತ್ತಾನೆ. ಕೊನೆಯುಸಿರಿನ ಹೊತ್ತಿಗೆ ಹಾಸಿಗೆಯ ಬಳಿ ನಿಂತವರು ಗೆಳೆಯ ವುಡ್‌ನಾತ್ ಮತ್ತು ಬಾಸ್ಟಕ್. ಉಯಿಲನ್ನು ವುಡ್‌ನಾತ್‌ನ ಕೈಗೆ ಕೊಟ್ಟು, ನೀನು ನ್ಯಾಯವಾಗಿ ನಡೆಯುತ್ತೀ ಎಂಬುದರಲ್ಲಿ ನನಗೆ ಸಂಶಯವಿಲ್ಲ, ನಾನು ಕೇಳುವುದು ಈ ಹೆಣ್ಣುಮಕ್ಕಳ ಮೇಲೆ ಕಾಳಜಿ ಇಡು ಎಂದು ಹೇಳಿದನೆಂದು ವಾಲ್ಟನ್ ಬರೆಯುತ್ತಾನೆ. ನ್ಯಾಯ ಬೇರೆ, ಕಾಳಜಿ ಬೇರೆ ಎಂದು ತಿಳಿದವನ ಮಾತು ಅದು. ಆದರೆ ಬಾಗಿಲ ಆಚೆ ಕುಳಿತ ಹೆಂಡತಿಗೆ ಏನನ್ನಿಸಿತು ಎಂದು ವಾಲ್ಟನ್ ಬರೆಯಲಿಲ್ಲ. ಬರೆಯಬೇಕೆಂದು ಅವನಿಗೆ ತೋರಲೂ ಇಲ್ಲ.

ಜೇನ್ ಕೆಲವು ವರ್ಷ ವಿಧವೆಯಾಗಿದ್ದು, ಆಮೇಲೆ ಗ್ಲಾಸ್ಟರ್‌ಷೈರಿನ ಹೈನಂ ಎಂಬ ಊರಿನ ಸರ್ ರಾಬರ್ಟ್ ಕುಕ್‌ನನ್ನು ಮದುವೆಯಾದಳು. ವಾಲ್ಟನ್ ಹೇಳುವ ಪ್ರಕಾರ, ಹರ್ಬರ್ಟನ ಖಾಸಗಿ ಬರಹಗಳು ಎಷ್ಟೋ ಆಕೆಯ ಬಳಿ ಇದ್ದವು. ಅವನ್ನು ಜೋಪಾನ ಮಾಡಿಟ್ಟಿದ್ದಳು, ಪ್ರಕಟಿಸುವ ಉದ್ದೇಶವೂ ಆಕೆಗಿತ್ತು. ಅಂತರ್ಯುದ್ಧದಲ್ಲಿ ಹೈನಂ ಮನೆಗೆ ಬೆಂಕಿ ಬಿದ್ದಾಗ ಮನೆಯೊಂದಿಗೆ ಅವೂ ಸುಟ್ಟುಹೋದವು. ಆ ಯುದ್ಧದ ಕೊನೆಯಲ್ಲಿ, 1649ರಲ್ಲಿ, ದೊರೆ ಚಾರ್ಲ್ಸ್‌ನ ಮರಣದಂಡನೆಯ ಆಜ್ಞೆಗೆ ಸಹಿ ಹಾಕಿದವರಲ್ಲಿ ಸರ್ ಜಾನ್ ಡ್ಯಾನ್‌ವರ್ಸ್ ಒಬ್ಬ. ಇದೇ ಉಯಿಲಿನ ಮೇಲ್ವಿಚಾರಣೆಗೆ ಹರ್ಬರ್ಟ್ ಬೇಡಿಕೊಂಡಿದ್ದ ಮಲತಂದೆ. ಸಾಯುವವನು ಎಷ್ಟು ದೂರ ಯೋಚಿಸಿದರೂ ಹದಿನಾರು ವರ್ಷ ಆಚೆಯದು ಕಾಣುವುದಿಲ್ಲ.

ಸುಡು ಅಥವಾ ಉಳಿಸು ಎಂದು ಕೊಟ್ಟ ಗೆಳೆಯನ ಕೈಯಲ್ಲಿ ಕವಿತೆಗಳು ಉಳಿದವು. ಉಳಿಸಬೇಕೆಂದೇ ಇಟ್ಟುಕೊಂಡ ಹೆಂಡತಿಯ ಕೈಯಲ್ಲಿದ್ದವು ಸುಟ್ಟವು. ಇದನ್ನೇ ಹಿಡಿದು, ಅವನು ಗೆಳೆಯನಿಗೆ ಕೊಟ್ಟದ್ದೇ ಒಳ್ಳೆಯದಾಯಿತು ಎನ್ನುವವರಿದ್ದಾರು. ನನ್ನ ಪ್ರಶ್ನೆ ಬೇರೆ. ಮನೆ, ಹಣ, ಬಡವರು ಎಲ್ಲವನ್ನೂ ನಂಬಿ ಕೊಟ್ಟವನು, ಈ ಕವಿತೆ ಸುಡಬೇಕೋ ಬೇಡವೋ ಎಂಬ ತೀರ್ಪನ್ನು ಆಕೆಗೇಕೆ ಬಿಡಲಿಲ್ಲ? ಬಡವರಲ್ಲಿ ಯಾರು ನೊಂದವರೆಂದು ಅರಿಯುವ ವಿವೇಚನೆ ಇದ್ದವಳಿಗೆ, ನೊಂದವರಿಗೆ ಯಾವ ಕವಿತೆ ದಕ್ಕೀತು ಎಂದು ತಿಳಿಯುತ್ತಿರಲಿಲ್ಲವೇ? ಇದಕ್ಕೆ ಎರಡು ಉತ್ತರ ಕೊಡಬಹುದು. ಕವಿತೆ, ದೇವರು, ಪುಸ್ತಕ ಗಂಡಸರ ನಡುವಿನ ವ್ಯವಹಾರ ಎಂದು ಅಂದಿನವರಂತೆ ಅವನೂ ತಿಳಿದಿದ್ದ ಎಂಬುದು ಒಂದು. ಸುಡುವ ತೀರ್ಪನ್ನು ಹೆಂಡತಿಯ ತಲೆಗೆ ಕಟ್ಟುವುದು ಕ್ರೌರ್ಯ ಎಂದು ಅವನಿಗನ್ನಿಸಿತು ಎಂಬುದು ಇನ್ನೊಂದು. ಉಯಿಲಿನ ಧಾಟಿಯನ್ನು ನೋಡಿದರೆ ಎರಡನೆಯದನ್ನು ನಂಬಲು ಮನಸ್ಸಾಗುತ್ತದೆ. ಅವನ ಕಾಲವನ್ನು ನೋಡಿದರೆ ಮೊದಲನೆಯದನ್ನು ತಳ್ಳಿಹಾಕಲಾಗುವುದಿಲ್ಲ. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ.

ಈ ಪ್ರಶ್ನೆ ನನಗೆ ಪುಸ್ತಕದಿಂದಷ್ಟೇ ಬಂದದ್ದಲ್ಲ. ಹೋದ ವರ್ಷ ನಾನೂ ನನ್ನ ಉಯಿಲು ಬರೆಯಲು ಕುಳಿತಿದ್ದೆ. ಐವತ್ತು ದಾಟಿದ ಮೇಲೆ ಬರೆದಿಡುವುದು ಒಳ್ಳೆಯದೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಓಲೆ, ಬಳೆ, ಬ್ಯಾಂಕಿನ ಪುಸ್ತಕ, ಅಮ್ಮನ ತಾಮ್ರದ ಹಂಡೆ, ಕೆಲಸಕ್ಕೆ ಬರುವವಳಿಗೆ ಇಷ್ಟು, ಎಲ್ಲ ಒಂದು ಸಂಜೆಯಲ್ಲಿ ಮುಗಿಯಿತು. ನಿಂತದ್ದು ಟ್ರಂಕಿನ ತಳದಲ್ಲಿದ್ದ ಆರು ನೋಟುಪುಸ್ತಕಗಳ ಹತ್ತಿರ. ಇಪ್ಪತ್ತು ವರ್ಷಗಳಿಂದ ರಾತ್ರಿ ಅಡುಗೆಮನೆ ಒರೆಸಿದ ಮೇಲೆ ಬರೆದದ್ದು. ಕವಿತೆ ಎನ್ನುವಂಥದ್ದೇನಲ್ಲ. ಯಾರಿಗೆ ಎಂದು ಬರೆಯಬೇಕೋ ತಿಳಿಯದೆ ಆ ಸಾಲನ್ನು ಖಾಲಿ ಬಿಟ್ಟೆ. ಮನೆಯವರಿಗೆ ಎಂದರೆ ಅವರು ಓದಿ ನೊಂದುಕೊಳ್ಳುವ ಪುಟಗಳಿವೆ. ಗೆಳತಿಗೆ ಎಂದರೆ ಮನೆಯವರನ್ನು ನಂಬಲಿಲ್ಲ ಎಂದಾಗುತ್ತದೆ. ಹರ್ಬರ್ಟನ ಮೇಲೆ ನಾನು ಹಾಕಿದ ಪ್ರಶ್ನೆ ಆಗ ನನ್ನ ಕಡೆಗೇ ತಿರುಗಿತು. ಗೆಳೆಯನಿಗೆ ಕೊಟ್ಟದ್ದು ಹೆಂಡತಿಯನ್ನು ಕಡಿಮೆ ಎಣಿಸಿಯೇ ಇರಬೇಕೆಂದೇನೂ ಇಲ್ಲ ಎಂದು ಆ ಸಂಜೆ ಅರ್ಥವಾಯಿತು.

ಹರ್ಬರ್ಟನನ್ನು ಪಾಠ ಮಾಡುವ ಮೇಷ್ಟ್ರುಗಳು, ಮೇಡಂಗಳು ಇದ್ದರೆ ಅವರಲ್ಲಿ ಒಂದು ವಿನಂತಿ. ಕವಿತೆ ಮುಗಿದ ಮೇಲೆ ಹತ್ತು ನಿಮಿಷ ಈ ಉಯಿಲನ್ನೂ ಓದಿಸಿ. ಟಿಪ್ಪಣಿಯಲ್ಲಿ ಜೇನ್‌ಳ ಹೆಸರನ್ನೂ ಬರೆಸಿ. ಆಳುಗಳಾದ ಎಲಿಜಬೆತ್, ಆ್ಯನ್, ಮಾರ್ಗರೆಟ್, ಸಾರಾ ಇವರನ್ನೂ ಸೇರಿಸಿ. ಆ ಮನೆಯಲ್ಲಿ ಅವರೆಲ್ಲ ಇದ್ದರು. ನನ್ನ ಉಯಿಲಿನ ಆ ಸಾಲು ಇನ್ನೂ ಖಾಲಿಯೇ ಇದೆ. ಮುಂದಿನ ರಜೆಯಲ್ಲಿ ಮಗಳು ಬಂದಾಗ ಆ ಟ್ರಂಕನ್ನು ತೆಗೆದು, ಆರರಲ್ಲಿ ಒಂದನ್ನು ಕೊಟ್ಟು, ಓದಿ ನೋಡು ಎನ್ನಬೇಕೆಂದಿದ್ದೇನೆ. ಅದನ್ನು ಅವಳು ಹೇಗೆ ಓದುತ್ತಾಳೆ ಎಂದು ನೋಡಿ ಉಳಿದ ಐದರ ವಿಷಯ ಬರೆಯುತ್ತೇನೆ.